ಉದ್ದುದ್ದ ಸ್ಪ್ಯಾನಿಷ್ ಪದಗಳನ್ನು ಒಡೆದು ಓದುವಾಗ ಆಘಾತ, ಅಂದರೆ ಒತ್ತಿ ಹೇಳುವ ಬಲ, ಎಲ್ಲಿ ಬೀಳಬೇಕೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಶಾಲ್ಮಲಾ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಮೆಕ್ಸಿಕೊ ಮತ್ತು ಕೊಲಂಬಿಯಾದಿಂದ ಬರುವ ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಸ್ಪ್ಯಾನಿಷ್ ಭಾಷೆಯಲ್ಲಿ ಬಿ1 ಹಂತದ ಪರೀಕ್ಷೆ ಮುಗಿಸಿ ಎರಡು ವರ್ಷಗಳಾಗಿವೆ. ಆಸ್ಪತ್ರೆಯ ಕಾಗದಪತ್ರಗಳನ್ನು ಮನಸ್ಸಿನಲ್ಲೇ ಓದಿ ಅರ್ಥ ಮಾಡಿಕೊಳ್ಳಲು ನನಗೆ ತೊಂದರೆಯಿಲ್ಲ. ಆದರೆ ಅವುಗಳಲ್ಲಿರುವ ಉದ್ದನೆಯ ಪದಗಳನ್ನು ಫೋನಿನಲ್ಲಿ ಗಟ್ಟಿಯಾಗಿ ಹೇಳಬೇಕಾಗಿ ಬಂದಾಗ ನಾಲಿಗೆ ತಡವರಿಸುತ್ತದೆ, ಕೇಳುವವರಿಗೂ ತಿಳಿಯುವುದಿಲ್ಲ.

ಕಳೆದ ವಾರ ಮೆಕ್ಸಿಕೊದ ಒಬ್ಬ ಹಿರಿಯ ಮಹಿಳೆಗೆ ಅವರ ಎಕ್ಸ್-ರೇ ವರದಿ ನಮಗೆ ತಲುಪಿಲ್ಲವೆಂದು ತಿಳಿಸಬೇಕಾಗಿತ್ತು. ಎಕ್ಸ್-ರೇ ಚಿತ್ರಕ್ಕೆ ಅಲ್ಲಿ ಬಳಸುವ ಪದವನ್ನು ನಾನು ‘ರಾದಿಯೋಗ್ರಾಫ್ಯಾ’ ಎಂದು ಹೇಳಿದೆ. ಆಕೆ ‘ಮಾಂದೆ?’ ಎಂದು ಮೂರು ಸಲ ಕೇಳಿದರು. ‘ಏನಂದಿರಿ’ ಎಂಬುದನ್ನು ಮೆಕ್ಸಿಕೊದವರು ವಿನಯದಿಂದ ಕೇಳುವುದು ಹೀಗೆ. ಕೊನೆಗೆ ಆ ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದ ಮೇಲಷ್ಟೇ ಅವರಿಗೆ ಅರ್ಥವಾಯಿತು. ಪಕ್ಕದಲ್ಲಿದ್ದ ಸಹೋದ್ಯೋಗಿ, ‘ದ್ಯೊ’ ಒಂದೇ ಉಚ್ಚಾರಾಂಶ (ಒಂದೇ ಪೆಟ್ಟಿಗೆ ಹೇಳುವ ತುಂಡು), ಕೊನೆಯ ‘ಫಿ-ಅ’ ಮಾತ್ರ ಎರಡು ಎಂದು ತಿದ್ದಿದರು. ಎರಡು ಕಡೆಯೂ ಇ-ಕಾರದ ಮುಂದೆ ಇನ್ನೊಂದು ಸ್ವರವಿರುವಾಗ ಒಂದು ಕಡೆ ಕೂಡಿಕೊಂಡು ಇನ್ನೊಂದು ಕಡೆ ಬೇರೆಯಾಗಿ ನಿಲ್ಲುವುದೇಕೆ ಎಂಬುದು ನನಗೆ ತಿಳಿಯಲಿಲ್ಲ.

ನಾನು ಇಲ್ಲಿಯವರೆಗೆ ಅನುಸರಿಸಿದ ಕ್ರಮವನ್ನೂ ಹೇಳಿಬಿಡುತ್ತೇನೆ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಅಕ್ಷರಕ್ಕೊಂದು ತುಂಡು ಎಂದು ಎಣಿಸುತ್ತೇನೆ. ಆಸ್ಪತ್ರೆಗೆ ದಾಖಲಾಗುವುದಕ್ಕೆ ಇರುವ ಪದವನ್ನು ಹೀಗೆ ‘ಓ-ಸ್ಪಿ-ತಾ-ಲಿ-ಸಾ-ಸ್ಯೋ-ನ್’ ಎಂದು ಬರೆದರೆ ಏಳು ತುಂಡುಗಳಾಗುತ್ತವೆ, ಪಠ್ಯಪುಸ್ತಕವು ಆರು ಎನ್ನುತ್ತದೆ. ಕಿವಿ, ಮೂಗು, ಗಂಟಲಿನ ವೈದ್ಯರಿಗೆ ಇರುವ ‘ಓತೋರ್ರಿನೋಲಾರಿಂಗೋಲೋಗೋ’ ಎಂಬ ಪದವನ್ನಂತೂ ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಿ ಹೇಳಬೇಕು ಎಂಬುದೇ ಗೊತ್ತಾಗುತ್ತಿಲ್ಲ. ಪುಸ್ತಕದ ನಿಯಮಗಳನ್ನು ಬಾಯಿಪಾಠ ಮಾಡಿದ್ದೇನೆ. ಪದ ಎದುರಿಗೆ ಬಂದಾಗ ಅವು ಕೈಗೆ ಸಿಗುವುದಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಪದಪ್ರಸ್ತಾರ

ಶಾಲ್ಮಲಾ ಅವರೇ, ಹದಿನೈದು ವರ್ಷಗಳಿಂದ ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ. ನೀವು ಹೇಳಿದ ತೊಡಕನ್ನು ಪ್ರತಿಯೊಂದು ತರಗತಿಯಲ್ಲೂ ಕಂಡಿದ್ದೇನೆ. ಇದರ ಮೂಲ ನಮ್ಮ ಲಿಪಿಯಲ್ಲಿದೆ, ಪರಿಹಾರದ ಬಹುಪಾಲು ನಮ್ಮ ವ್ಯಾಕರಣದಲ್ಲೇ ಇದೆ.

ಮೊದಲು ಬರವಣಿಗೆಯ ಕೆಲವು ಒಪ್ಪಂದಗಳು. ಕನ್ನಡದಲ್ಲಿ ‘ಒತ್ತು’ ಎಂದರೆ ಒತ್ತಕ್ಷರವೆಂದೂ ಅರ್ಥವಾಗುವುದರಿಂದ ನಾನು ‘ಆಘಾತ’ ಎಂಬ ಪದವನ್ನೇ ಬಳಸುತ್ತೇನೆ ಮತ್ತು ಆಘಾತವಿರುವ ಉಚ್ಚಾರಾಂಶವನ್ನು ಚೌಕ ಕಂಸದಲ್ಲಿ ಇಡುತ್ತೇನೆ. ದೀರ್ಘಸ್ವರಗಳನ್ನು ಬರೆಯುವುದಿಲ್ಲ, ಏಕೆಂದರೆ ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘ ಎಂಬ ಭೇದವಿಲ್ಲ. ‘ಅ’ ಎಂದು ಬರೆದಲ್ಲೆಲ್ಲ ಬಾಯಿಯನ್ನು ‘ಆ’ ಎನ್ನುವಷ್ಟು ತೆರೆದು, ಕಾಲವನ್ನು ಮಾತ್ರ ‘ಅ’ದಷ್ಟೇ ಇಟ್ಟುಕೊಳ್ಳಿ. ಅದುರುವ ರ-ಕಾರಕ್ಕೆ ‘ರ್ರ’ ಎಂದು ಬರೆದರೆ ನಮ್ಮ ಕಣ್ಣು ಅದನ್ನು ಎರಡಾಗಿ ಸೀಳುತ್ತದೆ. ಸ್ಪ್ಯಾನಿಷ್ ಬರವಣಿಗೆಯಲ್ಲಿ ಅದು ಎರಡು ಅಕ್ಷರಗಳಾಗಿ ಕಂಡರೂ ಒಂದೇ ಧ್ವನಿ, ಎಂದೂ ಒಡೆಯುವುದಿಲ್ಲ. ಆದ್ದರಿಂದ ಹಳಗನ್ನಡದ ಶಕಟರೇಫವನ್ನು ಎರವಲು ಪಡೆದು ‘ಱ’ ಎಂದು ಬರೆಯುತ್ತೇನೆ. ಉಚ್ಚಾರಣೆ ನಿಮ್ಮ ಗ್ರಾಹಕರಿರುವ ಲ್ಯಾಟಿನ್ ಅಮೆರಿಕದ್ದು.

ಈಗ ಮುಖ್ಯ ವಿಷಯ. ಒಂದು ಪದದಲ್ಲಿ ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನು ತೀರ್ಮಾನಿಸುವುದು ಸ್ವರಗಳು, ವ್ಯಂಜನಗಳಲ್ಲ. ನಡುವಿನ ವ್ಯಂಜನಗಳನ್ನು ನೀವು ಅತ್ತ ಸೇರಿಸಿದರೂ ಇತ್ತ ಸೇರಿಸಿದರೂ ಎಣಿಕೆ ಬದಲಾಗುವುದಿಲ್ಲ. ಎಣಿಕೆಯನ್ನು ಕೆಡಿಸುವುದು ಎರಡೇ ಸಂಗತಿಗಳು: ಕೊನೆಯಲ್ಲಿ ಉಳಿಯುವ ಅರ್ಧಾಕ್ಷರವನ್ನು ಪ್ರತ್ಯೇಕವಾಗಿ ಎಣಿಸುವುದು, ಮತ್ತು ಅಕ್ಕಪಕ್ಕದಲ್ಲಿ ನಿಂತ ಎರಡು ಸ್ವರಗಳು ಕೂಡುತ್ತವೆಯೋ ಬಿಡುತ್ತವೆಯೋ ತಿಳಿಯದಿರುವುದು. ನಿಮ್ಮ ಏಳನೆಯ ತುಂಡಾದ ‘ನ್’ಗೆ ಸ್ವರವೇ ಇಲ್ಲವಾದ್ದರಿಂದ ಅದು ಹಿಂದಿನದಕ್ಕೆ ಅಂಟಿಕೊಳ್ಳಬೇಕು: ಒಸ್-ಪಿ-ತ-ಲಿ-ಸ-[ಸ್ಯೊನ್]. ಆಘಾತವನ್ನು ಯಾವಾಗಲೂ ಪದದ ಕೊನೆಯಿಂದ ಹಿಂದಕ್ಕೆ ಎಣಿಸುವ ಭಾಷೆಯಲ್ಲಿ, ಕೊನೆಯಲ್ಲಿ ಒಂದು ಹುಸಿ ತುಂಡು ಸೇರಿಕೊಂಡರೆ ಮುಂದಿನ ಲೆಕ್ಕವೆಲ್ಲ ಒಂದು ಮನೆ ತಪ್ಪುತ್ತದೆ.

ಸ್ವರಗಳ ಜೋಡಿಯ ವಿಷಯಕ್ಕೆ ಬರುತ್ತೇನೆ. ಅ, ಎ, ಒ ಇವು ಬಲಸ್ವರಗಳು. ಇ, ಉ ದುರ್ಬಲಸ್ವರಗಳು. ದುರ್ಬಲಸ್ವರವು ಬಲಸ್ವರಕ್ಕಿಂತ ಮೊದಲು ಬಂದಾಗ ಕರಗಿ ಅದರೊಡನೆ ಒಂದಾಗುತ್ತದೆ. ಶಾಲೆಯಲ್ಲಿ ಓದಿದ ಯಣ್ ಸಂಧಿಯನ್ನು ನೆನಪಿಸಿಕೊಳ್ಳಿ. ‘ಪ್ರತಿ’ ಮತ್ತು ‘ಏಕ’ ಸೇರಿ ‘ಪ್ರತ್ಯೇಕ’ವಾಗುವಾಗ ಇ-ಕಾರವು ಯ-ಕಾರವಾಗುತ್ತದೆ, ‘ಮನು’ ಮತ್ತು ‘ಅಂತರ’ ಸೇರಿ ‘ಮನ್ವಂತರ’ವಾಗುವಾಗ ಉ-ಕಾರವು ವ-ಕಾರವಾಗುತ್ತದೆ. ರೋಗಿ ಎಂಬರ್ಥದ ಪ-[ಸ್ಯೆನ್]-ತೆ, ಬಾಗಿಲು ಎಂಬರ್ಥದ [ಪ್ವೆರ್]-ತ ಎಂಬ ಪದಗಳಲ್ಲಿ ನಡೆಯುವುದೂ ಅದೇ. ಯ-ಒತ್ತು ಮತ್ತು ವ-ಒತ್ತು ಇರುವ ನಮ್ಮ ಲಿಪಿಯು ಇದನ್ನು ರೋಮನ್ ಲಿಪಿಗಿಂತ ಚೆನ್ನಾಗಿ ತೋರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದುರ್ಬಲಸ್ವರವು ಬಲಸ್ವರದ ನಂತರ ಬಂದರೆ ಐ, ಔ ಎಂಬ ನಮ್ಮ ಅಕ್ಷರಗಳೇ ಇವೆ: [ಐ]-ರೆ ಎಂದರೆ ಗಾಳಿ, [ಕೌ]-ಸ ಎಂದರೆ ಕಾರಣ.

ಎರಡೂ ಬಲಸ್ವರಗಳಾದರೆ ಸಂಧಿಯಿಲ್ಲ, ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ: ತೆ-[ಅ]-ತ್ರೊ. ಇಲ್ಲಿ ನಮಗೆ ಆಗಮ ಸಂಧಿಯ ಅಭ್ಯಾಸ ಅಡ್ಡಬರುತ್ತದೆ; ‘ಮನೆ’ಗೆ ‘ಅಲ್ಲಿ’ ಸೇರಿಸಿದಾಗ ಯ-ಕಾರ ತಾನಾಗಿ ಬರುವಂತೆ ನಾಟಕಶಾಲೆಯನ್ನೂ ನಾವು ‘ತೆಯಾತ್ರೋ’ ಎಂದುಬಿಡುತ್ತೇವೆ. ಯ-ಕಾರವನ್ನು ನುಸುಳಲು ಬಿಡಬೇಡಿ.

ಇನ್ನು ನಿಮ್ಮ ಎಕ್ಸ್-ರೇ. ದುರ್ಬಲಸ್ವರದ ತಲೆಯ ಮೇಲೆ ಓರೆಗೆರೆಯಿದ್ದರೆ, ಅವರು ಅದನ್ನು ತಿಲ್ದೆ ಎನ್ನುತ್ತಾರೆ, ಆ ಸ್ವರಕ್ಕೆ ಆಘಾತ ಬಂದು ಬಲ ಬಂದಂತಾಯಿತು. ಬಲ ಬಂದ ಸ್ವರ ಕರಗುವುದಿಲ್ಲ. ಆದ್ದರಿಂದ ಱ-ದ್ಯೊ-ಗ್ರ-[ಫಿ]-ಅ. ‘ದ್ಯೊ’ದಲ್ಲಿರುವ ಇ-ಕಾರಕ್ಕೆ ಗೆರೆಯಿಲ್ಲ, ಕರಗಿತು, ‘ಫಿ’ಯ ಇ-ಕಾರಕ್ಕೆ ಗೆರೆಯಿದೆ, ನಿಂತಿತು. ಔಷಧದ ಅಂಗಡಿಯಾದ ಫರ್-[ಮ]-ಸ್ಯ, ಶಸ್ತ್ರಚಿಕಿತ್ಸೆಯಾದ ಸಿ-ರು-[ಹಿ]-ಅ ಇವೆರಡನ್ನು ಪಕ್ಕಪಕ್ಕದಲ್ಲಿ ಹೇಳಿ ನೋಡಿ. ಅ-[ಲೆರ್]-ಹ್ಯ ಎಂದರೆ ಅಲರ್ಜಿ, ಅ-ಲೆ-[ಗ್ರಿ]-ಅ ಎಂದರೆ ಸಂತೋಷ. ವಿಮೆಯ ಕಾಗದವನ್ನು ಓದುವವರು ಇವುಗಳನ್ನು ಅದಲುಬದಲು ಮಾಡುವಂತಿಲ್ಲ.

ತುಂಡುಗಳು ಸಿಕ್ಕ ಮೇಲೆ ಆಘಾತದ ನಿಯಮ ಚಿಕ್ಕದು. ಗೆರೆ ಕಂಡರೆ ಆಘಾತ ಅಲ್ಲೇ. ಗೆರೆ ಇಲ್ಲದಿದ್ದರೆ ಪದದ ಕೊನೆಯ ಅಕ್ಷರವನ್ನು ನೋಡಿ: ಸ್ವರ, ನ್ ಅಥವಾ ಸ್ ಇದ್ದರೆ ಕೊನೆಯಿಂದ ಎರಡನೆಯದಕ್ಕೆ, ಬೇರೆ ವ್ಯಂಜನವಿದ್ದರೆ ಕೊನೆಯದಕ್ಕೆ. ಜವಾಬ್ದಾರಿ ಎಂಬ ಅರ್ಥದಲ್ಲಿ ನಿಮ್ಮ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಱೆಸ್-ಪೊನ್-ಸ-ಬಿ-ಲಿ-[ದದ್] ದ-ಕಾರದಲ್ಲಿ ಮುಗಿಯುತ್ತದೆ, ಹಾಗಾಗಿ ಗೆರೆಯಿಲ್ಲದೆಯೇ ಕೊನೆಯದಕ್ಕೆ ಆಘಾತ. ‘ಒಸ್-ಪಿ-ತ-ಲಿ-ಸ-[ಸ್ಯೊನ್]’ ನ್-ಕಾರದಲ್ಲಿ ಮುಗಿದೂ ಕೊನೆಯದಕ್ಕೆ ಆಘಾತ ಪಡೆಯುವುದರಿಂದ ಅದಕ್ಕೆ ಗೆರೆ ಬೇಕಾಯಿತು. ಅದನ್ನೇ ಬಹುವಚನ ಮಾಡಿದರೆ ಒಸ್-ಪಿ-ತ-ಲಿ-ಸ-[ಸ್ಯೊ]-ನೆಸ್ ಆಗುತ್ತದೆ. ಆಘಾತ ಸರಿಯಲಿಲ್ಲ, ಆದರೆ ಅದೀಗ ಸಹಜ ಸ್ಥಾನದಲ್ಲೇ ಇರುವುದರಿಂದ ಗೆರೆ ಬಿದ್ದುಹೋಯಿತು. ಇದರ ವಿರುದ್ಧ ದಿಕ್ಕಿನಲ್ಲಿ, ಚಿತ್ರ ಎಂಬರ್ಥದ ಇ-[ಮ]-ಹೆನ್ ಪದಕ್ಕೆ ಗೆರೆಯಿಲ್ಲ, ಅದರ ಬಹುವಚನ ಇ-[ಮ]-ಹೆ-ನೆಸ್ ಕೊನೆಯಿಂದ ಮೂರನೆಯದಕ್ಕೆ ಆಘಾತ ಪಡೆದು ಗೆರೆಯನ್ನು ಗಳಿಸುತ್ತದೆ. ಕೊನೆಯಿಂದ ಮೂರನೆಯದಕ್ಕೆ ಆಘಾತವಿರುವ ಪದಗಳನ್ನು ಅವರು ಎಸ್ದ್ರುಹುಲ ಎಂದು ಕರೆಯುತ್ತಾರೆ ಮತ್ತು ಅವುಗಳಿಗೆ ಗೆರೆ ತಪ್ಪುವುದೇ ಇಲ್ಲ.

ಆಘಾತ ತಪ್ಪಿದರೆ ಅರ್ಥವೇ ಬದಲಾಗುವುದಕ್ಕೆ ನಿಮ್ಮ ಮೇಜಿನ ಮೇಲಿನದೇ ಉದಾಹರಣೆ ಕೊಡುತ್ತೇನೆ. ದ್ಯಗ್-[ನೊಸ್]-ತಿ-ಕೊ ಎಂದರೆ ರೋಗನಿರ್ಣಯ. ದ್ಯಗ್-ನೊಸ್-[ತಿ]-ಕೊ ಎಂದರೆ ‘ನಾನು ರೋಗ ನಿರ್ಣಯಿಸುತ್ತೇನೆ’. ದ್ಯಗ್-ನೊಸ್-ತಿ-[ಕೊ] ಎಂದರೆ ‘ಅವರು ನಿರ್ಣಯಿಸಿದರು’. ಮೂರರಲ್ಲೂ ಧ್ವನಿಗಳು ಅವೇ.

ವ್ಯಂಜನಗಳನ್ನು ಎಲ್ಲಿ ಒಡೆಯಬೇಕೆಂಬುದು ಎಣಿಕೆಗೆ ಬೇಡವಾದರೂ ಉಚ್ಚಾರಣೆಗೆ ಬೇಕು. ಅಕ್ಷರ ಬಿಡಿಸುವಾಗ ನಾವು ‘ಪು-ಸ್ತ-ಕ’ ಎಂದು ಬರೆಯುತ್ತೇವೆ, ಆದರೆ ಛಂದಸ್ಸಿನ ಪ್ರಸ್ತಾರದಲ್ಲಿ ಒತ್ತಕ್ಷರದ ಹಿಂದಿನದು ಗುರುವಾಗುತ್ತದೆ. ಕಿವಿಗೆ ಅದು ‘ಪುಸ್-ತ-ಕ’. ಸ್ಪ್ಯಾನಿಷ್ ಪದಗಳನ್ನು ಒಡೆಯಬೇಕಾದದ್ದು ಈ ಕಿವಿಯ ಕ್ರಮದಲ್ಲಿ: ಇನ್ಸ್-ತಿ-[ತು]-ತೊ, ಕೊನ್ಸ್-ತ್ರುಕ್-[ಸ್ಯೊನ್]. ಸ್-ಕಾರವು ಇನ್ನೊಂದು ವ್ಯಂಜನವನ್ನು ಹಿಂದಿಟ್ಟುಕೊಂಡು ಉಚ್ಚಾರಾಂಶವನ್ನು ಎಂದೂ ಆರಂಭಿಸದು. ನಮ್ಮ ಹಳ್ಳಿಗಳಲ್ಲಿ ‘ಇಸ್ಕೂಲು’, ‘ಇಸ್ಟೇಷನ್ನು’ ಎನ್ನುವಂತೆಯೇ ಅವರು ಎಸ್-[ಕ್ವೆ]-ಲ, ಎಸ್-ತ-[ಸ್ಯೊನ್] ಎನ್ನುತ್ತಾರೆ. ಒಂದು ಕಡೆ ಮಾತ್ರ ಪ್ರಸ್ತಾರವನ್ನು ಬಿಟ್ಟು ಲಿಪಿಯನ್ನೇ ನಂಬಬೇಕು. ಪ, ಬ, ಕ, ಗ, ಫ ಇವುಗಳಿಗೆ ರ ಅಥವಾ ಲ ಒತ್ತಾಗಿ ಬಂದಾಗ, ತ ಮತ್ತು ದ ಇವುಗಳಿಗೆ ರ ಒತ್ತಾಗಿ ಬಂದಾಗ ಅವು ಒಡೆಯುವುದಿಲ್ಲ. ನಮ್ಮ ‘ಪುತ್ರ’ದಲ್ಲಿ ಪು ಗುರು, ಅವರ [ಪ]-ದ್ರೆ ಎಂಬ ಪದದಲ್ಲಿ ‘ದ್ರೆ’ ಇಡಿಯಾಗಿ ಮುಂದಕ್ಕೆ ಹೋಗುತ್ತದೆ.

ಈಗ ನಿಮ್ಮ ವೈದ್ಯರ ಹೆಸರು: ಒ-ತೊ-ಱಿ-ನೊ-ಲ-ರಿನ್-[ಗೊ]-ಲೊ-ಗೊ. ಒಂಬತ್ತು ಉಚ್ಚಾರಾಂಶಗಳು, ಕೊನೆಯಿಂದ ಮೂರನೆಯದಕ್ಕೆ ಗೆರೆ. ಇದನ್ನು ಅಭ್ಯಾಸ ಮಾಡುವಾಗ ಮೊದಲಿನಿಂದ ಹೊರಡಬೇಡಿ. ‘[ಗೊ]-ಲೊ-ಗೊ’ ಎಂಬುದನ್ನು ಹತ್ತು ಸಲ ಹೇಳಿ, ಬಳಿಕ ಅದರ ಮುಂದೆ ‘ರಿನ್’ ಸೇರಿಸಿ, ಬಳಿಕ ‘ಲ’, ಬಳಿಕ ‘ನೊ’. ಹೀಗೆ ಹಿಂದಿನಿಂದ ಕಟ್ಟುತ್ತ ಬಂದರೆ ನಾಲಿಗೆ ಯಾವಾಗಲೂ ತನಗೆ ಗೊತ್ತಿರುವ ಕಡೆಗೇ ಸಾಗುತ್ತಿರುತ್ತದೆ, ಆಘಾತದ ಜಾಗವೂ ಮೊದಲೇ ಗಟ್ಟಿಯಾಗಿರುತ್ತದೆ.

ಉತ್ತರ: ಕೆರೆತಾರೊ ಕನ್ನಡಿಗ

ಮೇಲಿನ ಉತ್ತರಕ್ಕೆ ಮೆಕ್ಸಿಕೊದಲ್ಲಿ ವಾಸವಾಗಿರುವ ನನ್ನಿಂದ ಕೆಲವು ಮಾತುಗಳು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಆಘಾತ ಬಂದಲ್ಲೆಲ್ಲ ಸ್ವರವನ್ನು ದೀರ್ಘವಾಗಿ ಎಳೆಯುತ್ತಿದ್ದೆ. ಆಘಾತವೆಂದರೆ ದೀರ್ಘವೆಂದೇ ನಮ್ಮ ಕಿವಿ ಭಾವಿಸುತ್ತದೆ. ಇಲ್ಲಿಯವರ ಆಘಾತದಲ್ಲಿ ದನಿ ತುಸು ಮೇಲೇರುತ್ತದೆ, ಉಸಿರು ತುಸು ಬಲವಾಗುತ್ತದೆ, ಎಳೆತ ಅಲ್ಪ. ಹಾಡಿನ ತಾಳದಲ್ಲಿ ಒಂದು ಪೆಟ್ಟು ಜೋರಾಗಿ ಬಿದ್ದಂತೆ ಎಂದು ತಿಳಿದುಕೊಂಡ ಮೇಲೆ ನನಗೆ ಅದು ಒಲಿಯಿತು.

ಊರುಗಳ ಹೆಸರುಗಳಿಂದ ಅಭ್ಯಾಸ ಮಾಡಿ ಎಂಬುದು ನನ್ನ ಸಲಹೆ. ನಾನಿರುವ ಊರು ಕೆ-[ರೆ]-ತ-ರೊ. ನಾವು ಸಹಜವಾಗಿ ‘ತಾ’ ಎಳೆದು ಹೇಳುತ್ತೇವೆ, ಇಲ್ಲಿಯವರು ‘ರೆ’ಗೆ ಪೆಟ್ಟು ಕೊಡುತ್ತಾರೆ. ದೇಶದ ಹೆಸರೇ [ಮೆ]-ಹಿ-ಕೊ. ಮಿ-ಚೊ-ಅ-[ಕನ್] ಎಂಬ ರಾಜ್ಯದ ಹೆಸರಿನಲ್ಲಿ ಒ ಮತ್ತು ಅ ಬೇರೆ ಬೇರೆ. ‘ತ್ಲ’ ಎಂಬ ಕೂಟದ ಬಗ್ಗೆ ಒಂದು ಮಾತು ಸೇರಿಸಬೇಕು: ಸ್ಪೇನಿನ ಹೆಚ್ಚಿನವರು ಕ್ರೀಡಾಪಟುವನ್ನು ಅತ್-[ಲೆ]-ತ ಎಂದು ಒಡೆದರೆ ಇಲ್ಲಿ ಅ-[ತ್ಲೆ]-ತ ಎನ್ನುತ್ತಾರೆ. ಇಲ್ಲಿಯ ನಾವಾತ್ಲ್ ಭಾಷೆಯಿಂದ ಬಂದ ತ್ಲಸ್-[ಕ]-ಲ ಎಂಬಂಥ ಹೆಸರುಗಳಲ್ಲಿ ಆ ಕೂಟ ಪದದ ಮೊದಲಲ್ಲೇ ಇರುವುದರಿಂದ ಅದನ್ನು ಸೀಳಲು ಇವರಿಗೆ ಮನಸ್ಸು ಬಾರದು. ಎರಡೂ ಸರಿ.

ಒಡೆಯದ ಈ ಕೂಟಗಳ ಬಗ್ಗೆ ಓದಿದಾಗ ಹಳಗನ್ನಡದ ಶಿಥಿಲದ್ವಿತ್ವ, ಅಂದರೆ ಹಿಂದಿನ ಅಕ್ಷರವನ್ನು ಗುರುವಾಗಿಸದ ಸಡಿಲ ಒತ್ತಕ್ಷರ, ಯಾರಿಗಾದರೂ ನೆನಪಾಗಬಹುದು, ನನಗೂ ಆಯಿತು. ಆದರೆ ಅಲ್ಲಿ ರ, ಲ ಮುಂತಾದವು ಕೂಟದ ಮೊದಲಲ್ಲಿರುತ್ತವೆ, ಇಲ್ಲಿ ಕೂಟದ ಕೊನೆಯಲ್ಲಿ. ಹಿಂದಿನ ಉಚ್ಚಾರಾಂಶ ಹಗುರವಾಗಿಯೇ ಉಳಿಯುತ್ತದೆ ಎಂಬಷ್ಟರ ಮಟ್ಟಿಗೆ ಹೋಲಿಕೆಯಿದೆ, ಅದಕ್ಕಿಂತ ಹೆಚ್ಚಿಗೆ ಎಳೆಯುವುದು ಬೇಡ.

ಹಳೆಯ ಮತ್ತು ಹೊಸ ಪುಸ್ತಕಗಳನ್ನು ಒಟ್ಟಿಗೆ ಓದುವವರು ಗಮನಿಸಬೇಕಾದ ಒಂದು ಬದಲಾವಣೆಯೂ ಇದೆ. 1713ರಲ್ಲಿ ಸ್ಥಾಪನೆಯಾದ ಸ್ಪ್ಯಾನಿಷ್ ರಾಯಲ್ ಅಕಾಡೆಮಿಯು ಇತರ ದೇಶಗಳ ಅಕಾಡೆಮಿಗಳೊಡನೆ 2010ರಲ್ಲಿ ಹೊರತಂದ ಕಾಗುಣಿತದ ಗ್ರಂಥದ ಪ್ರಕಾರ, ಅಡ್ಡಗೆರೆ ಎಂಬರ್ಥದ ‘ಗ್ಯೊನ್’ ಬರವಣಿಗೆಯ ಮಟ್ಟಿಗೆ ಒಂದೇ ಉಚ್ಚಾರಾಂಶವಾದ್ದರಿಂದ ಅದಕ್ಕೆ ಗೆರೆ ಹಾಕುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಗೆರೆ ಇರುತ್ತದೆ.

ಕೊನೆಯದಾಗಿ, ಉದ್ದನೆಯ ಪದ ಬೇಕೆಂದರೆ ಮಿಚೊಅಕನ್‌ನದೇ ಒಂದಿದೆ. 1943ರಲ್ಲಿ ಹೊಲವೊಂದರಲ್ಲಿ ಹುಟ್ಟಿದ ಪರಿಕುತಿನ್ ಜ್ವಾಲಾಮುಖಿಯ ಲಾವಾದಲ್ಲಿ ಹೂತುಹೋದ ಊರಿನ ಹೆಸರನ್ನು ಇನ್ನಷ್ಟು ಹಿಗ್ಗಿಸಿ ಇಲ್ಲಿಯ ಮಕ್ಕಳು ನಾಲಿಗೆ ಹೊರಳಿಸುವ ಆಟಕ್ಕೆ ಬಳಸುತ್ತಾರೆ: ಪ-ರನ್-ಗ-ರಿ-ಕು-ತಿ-ರಿ-[ಮಿ]-ಕ್ವ-ರೊ. ಹತ್ತು ಉಚ್ಚಾರಾಂಶ, ಕೊನೆಯಿಂದ ಮೂರನೆಯದಕ್ಕೆ ಗೆರೆ. ಅದೇ ಆಟದಲ್ಲಿ ಅದನ್ನು ಕ್ರಿಯಾಪದವನ್ನಾಗಿಯೂ ಮಾಡುತ್ತಾರೆ: ದೆಸ್-ಪ-ರನ್-ಗ-ರಿ-ಕು-ತಿ-ರಿ-ಮಿ-ಕ್ವ-ರಿ-[ಸರ್]. ಈಗ ಹನ್ನೆರಡಾದವು, ರ್-ಕಾರದಲ್ಲಿ ಮುಗಿಯುವುದರಿಂದ ಆಘಾತ ಕೊನೆಗೆ ಜಿಗಿಯಿತು, ಗೆರೆ ಮಾಯವಾಯಿತು. ಎಷ್ಟೇ ಉದ್ದವಾಗಲಿ, ನೋಡಬೇಕಾದದ್ದು ಬಾಲವನ್ನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮರುಪ್ರಶ್ನೆ: ಶಾಲ್ಮಲಾ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಱ-ದ್ಯೊ-ಗ್ರ-[ಫಿ]-ಅ’ ಎಂಬುದನ್ನು ನಿನ್ನೆ ಮತ್ತೊಬ್ಬ ಗ್ರಾಹಕರಿಗೆ ಹೇಳಿದೆ, ಅವರು ಮರುಪ್ರಶ್ನೆ ಕೇಳದೆ ಮಾತು ಮುಂದುವರಿಸಿದರು. ನನಗಾದ ಸಮಾಧಾನವನ್ನು ಇಲ್ಲಿ ಹೇಳದಿರಲಾರೆ.

ಇನ್ನೆರಡು ಪದಗಳನ್ನು ನಾನೇ ಒಡೆದಿದ್ದೇನೆ, ದಯವಿಟ್ಟು ತಿದ್ದಿ. ಮೆದುಳಿನ ಇಇಜಿ ಪರೀಕ್ಷೆಯ ವರದಿ: ಎ-ಲೆಕ್-ತ್ರ್ಯೆನ್-ಸೆ-ಫ-ಲೊ-[ಗ್ರ]-ಮ. ಕುತ್ತಿಗೆಯ ಪಕ್ಕದ ಸ್ನಾಯು: ಎಸ್-ತೆರ್-ನೊ-ಕ್ಲೆಯ್-ದೊ-ಮಸ್-[ತೊಯ್]-ದ್ಯೊ. ಜೊತೆಗೆ, ಹೃದಯಕ್ಕೆ ಸಂಬಂಧಿಸಿದ ಎಂಬರ್ಥದ ಪದವು ಒಂದು ಕಾಗದದಲ್ಲಿ ಗೆರೆಯಿಲ್ಲದೆ, ಇನ್ನೊಂದರಲ್ಲಿ ಇ-ಕಾರದ ಮೇಲೆ ಗೆರೆಯೊಡನೆ ಇದೆ. ಯಾವುದು ಅಚ್ಚಿನ ತಪ್ಪು?

ಉತ್ತರ: ಪದಪ್ರಸ್ತಾರ

ಎರಡರಲ್ಲೂ ನೀವು ಮಾಡಿರುವುದು ಒಂದೇ ತಪ್ಪು, ಆದರೆ ಫಲ ಬೇರೆ ಬೇರೆಯಾಗಿದೆ. ಅದಕ್ಕಾಗಿಯೇ ಈ ಜೋಡಿ ಬಹಳ ಉಪಯುಕ್ತವಾಗಿದೆ. ಮೊದಲನೆಯದರಲ್ಲಿ ಒ ಮತ್ತು ಎ ಎರಡೂ ಬಲಸ್ವರಗಳು, ಅವುಗಳನ್ನು ಕೂಡಿಸಿದ್ದೀರಿ. ಸರಿಯಾದದ್ದು ಎ-ಲೆಕ್-ತ್ರೊ-ಎನ್-ಸೆ-ಫ-ಲೊ-[ಗ್ರ]-ಮ, ಒಂಬತ್ತು. ತಪ್ಪು ಪದದ ಮುಂಭಾಗದಲ್ಲಿ ಆದುದರಿಂದ ಕೊನೆಯಿಂದ ಎಣಿಸುವ ಆಘಾತಕ್ಕೆ ಧಕ್ಕೆಯಾಗಲಿಲ್ಲ. ಎರಡನೆಯದರಲ್ಲಿ ಎ ಮತ್ತು ಒ ಪದದ ಕೊನೆಯಲ್ಲೇ ಇವೆ. ಅವುಗಳನ್ನು ‘ದ್ಯೊ’ ಎಂದು ಕರಗಿಸಿದೊಡನೆ ಆಘಾತವೂ ಒಂದು ಮನೆ ಹಿಂದೆ ಸರಿದುಬಿಟ್ಟಿತು. ಎಸ್-ತೆರ್-ನೊ-ಕ್ಲೆಯ್-ದೊ-ಮಸ್-ತೊಯ್-[ದೆ]-ಒ ಎಂದು ಓದಬೇಕು. ಕರಗುವುದು ಇ, ಉ ಮಾತ್ರ. ಎ-ಕಾರವನ್ನು ಯ-ಕಾರವನ್ನಾಗಿ ಮಾಡುವುದು ನಮ್ಮ ಬಾಯಿಯ ಅವಸರ.

ಬೇರೆ ಎರಡು ಸಂದರ್ಭಗಳು ನಿಮ್ಮ ಕೆಲಸದಲ್ಲಿ ಎದುರಾಗುವುದರಿಂದ ಈಗಲೇ ಹೇಳಿಡುತ್ತೇನೆ. ‘ಅದನ್ನು ನನಗೆ ಕಳುಹಿಸಿ’ ಎನ್ನುವ ಎನ್-[ಬಿ]-ಎ-ಮೆ-ಲೊ ಎಂಬ ಪದದಲ್ಲಿ ಸರ್ವನಾಮಗಳು ಬಾಲಕ್ಕೆ ಅಂಟಿಕೊಂಡು ಆಘಾತವನ್ನು ಕೊನೆಯಿಂದ ನಾಲ್ಕನೆಯದಕ್ಕೆ ತಳ್ಳಿವೆ. ಗೆರೆಯನ್ನು ನಂಬಿ ಓದಿ. [ಕ್ಲಿ]-ನಿ-ಕ-[ಮೆನ್]-ತೆ, ಅಂದರೆ ‘ವೈದ್ಯಕೀಯವಾಗಿ’, ಎಂಬಂಥ ‘ಮೆನ್ತೆ’ ಸೇರಿದ ಪದಗಳಿಗೆ ಎರಡು ಆಘಾತಗಳಿವೆ. ಮೂಲ ವಿಶೇಷಣದ ಆಘಾತವೂ ಗೆರೆಯೂ ಹಾಗೆಯೇ ಉಳಿದು, ‘ಮೆನ್’ಗೂ ಇನ್ನೊಂದು ಬೀಳುತ್ತದೆ.

ಇನ್ನು ಹೃದಯದ ಪದ: ಅಚ್ಚಿನ ತಪ್ಪು ಯಾವ ಕಾಗದದಲ್ಲೂ ಇಲ್ಲ. ಕರ್-[ದ್ಯ]-ಕೊ ಎಂಬುದೂ ಕರ್-[ದಿ]-ಅ-ಕೊ ಎಂಬುದೂ ಎರಡೂ ಮಾನ್ಯವಾದ ರೂಪಗಳು. ಅವಧಿ ಎಂಬರ್ಥದ ಪೆ-[ಱ್ಯೊ]-ದೊ ಎಂದು ನೀವು ಓದಬಹುದಾದ ಪದದಲ್ಲಿ ಅದುರುವ ರ-ಕಾರವಿಲ್ಲ, ಅದು ಪೆ-[ರ‍್ಯೊ]-ದೊ, ಮತ್ತು ಅದಕ್ಕೂ ಪೆ-[ರಿ]-ಒ-ದೊ ಎಂಬ ಜೊತೆ ರೂಪವಿದೆ. ಮುಂದಿರುವ ಕಾಗದದಲ್ಲಿ ಗೆರೆಯಿದ್ದರೆ ನಾಲ್ಕು ಉಚ್ಚಾರಾಂಶಗಳಾಗಿ, ಇಲ್ಲದಿದ್ದರೆ ಮೂರಾಗಿ ಓದಿ. ನೀವೇ ಬರೆಯುವಾಗ ಎರಡರಲ್ಲಿ ಒಂದನ್ನು ಆರಿಸಿಕೊಂಡು ಆ ಕಾಗದ ಮುಗಿಯುವವರೆಗೂ ಅದನ್ನೇ ಬಳಸಿ.